ಹೊಲಿಗೆ ಕಾಣಲಿ ಅಂತಲೇ ಹೊಲಿದಿದ್ದಾರೆ

ರಿಯೊ ಡಿ ಜನೈರೊದ ರಾಷ್ಟ್ರೀಯ ಲಲಿತಕಲಾ ಮ್ಯೂಸಿಯಂನಲ್ಲಿ 1895ರ ಒಂದು ದೊಡ್ಡ ತೈಲಚಿತ್ರ ಇದೆ. ಬರೆದವನು ಮೊಡೆಸ್ಟೊ ಬ್ರೊಕೊಸ್, ಸ್ಪೇನ್‌ನಲ್ಲಿ ಹುಟ್ಟಿ ಬ್ರೆಜಿಲ್‌ನಲ್ಲಿ ನೆಲೆ ನಿಂತವನು. ಬಡವರ ಮನೆಯ ಬಾಗಿಲು, ಅದರ ಮುಂದೆ ಒಂದು ಕುಟುಂಬ. ಎಡಗಡೆ ಕಪ್ಪು ಅಜ್ಜಿ ಬರಿಗಾಲಲ್ಲಿ ನಿಂತು ಎರಡೂ ಕೈ ಮೇಲೆತ್ತಿದ್ದಾಳೆ. ನಡುವೆ ಕೂತ ಮಗಳ ಬಣ್ಣ ಸ್ವಲ್ಪ ತಿಳಿ. ಮಗಳ ಮಡಿಲಲ್ಲಿ ಬೆಳ್ಳನೆಯ ಕೂಸು. ಪಕ್ಕದಲ್ಲಿ ಬಿಳಿ ಅಳಿಯ, ಮಗುವನ್ನು ನೋಡಿ ಮುಗುಳ್ನಗುತ್ತಿದ್ದಾನೆ. ಅಜ್ಜಿ ದೇವರಿಗೆ ಕೈ ಎತ್ತಿರುವುದು ಯಾಕೆ ಗೊತ್ತಾ? ಮೊಮ್ಮಗು ಬೆಳ್ಳಗೆ ಹುಟ್ಟಿದೆ ಅಂತ! ಮೂರು ತಲೆಮಾರಿನಲ್ಲಿ ಕಪ್ಪು ತೊಳೆದುಹೋಯಿತು, ಶಾಪ ಕಳೆಯಿತು ಅಂತ.

ಯಾವನೋ ಒಬ್ಬ ಕಲಾವಿದನ ಅಧಿಕಪ್ರಸಂಗ ಅಂದುಕೊಂಡು ಬಿಡಬಹುದಿತ್ತು. ಆದರೆ 1911ರಲ್ಲಿ ಲಂಡನ್‌ನಲ್ಲಿ ಜನಾಂಗಗಳ ಬಗ್ಗೆ ಒಂದು ಜಾಗತಿಕ ಸಮ್ಮೇಳನ ನಡೆಯಿತು. ಅಲ್ಲಿಗೆ ಹೋದ ರಿಯೊದ ರಾಷ್ಟ್ರೀಯ ಮ್ಯೂಸಿಯಂನ ನಿರ್ದೇಶಕ ಜೊವಾವೊ ಬಟಿಸ್ಟಾ ಡಿ ಲಸೆರ್ಡಾ ತನ್ನ ಪ್ರಬಂಧಕ್ಕೆ ಸಾಕ್ಷಿಯ ಹಾಗೆ ಬಳಸಿದ್ದು ಇದೇ ಚಿತ್ರವನ್ನು. ಇನ್ನೊಂದು ನೂರು ವರ್ಷದಲ್ಲಿ ಬ್ರೆಜಿಲ್‌ನಲ್ಲಿ ಕಪ್ಪು ಜನ ಇರುವುದೇ ಇಲ್ಲ ಅಂತ ಆತನ ಲೆಕ್ಕ. ನೂರು ವರ್ಷ ದಾಟಿತು. 2022ರ ಜನಗಣತಿಯಲ್ಲಿ 10.2% ಜನ ತಾವು ಕಪ್ಪು ಅಂತ ಬರೆಸಿದರು, 45.3% ಜನ ಕಂದು, ಅಂದರೆ ಮಿಶ್ರ ಮೂಲದವರು ಅಂತ ಬರೆಸಿದರು. ಬಿಳಿಯರು ಅಂದವರು 43.5%. ಲೆಕ್ಕ ಸ್ವಲ್ಪ ತಪ್ಪಿತು ನಿರ್ದೇಶಕರೇ.

ಈ ಚಿತ್ರದಿಂದ ಯಾಕೆ ಶುರು ಮಾಡಿದೆ ಅಂದರೆ, ನಾನು ಹೇಳಬೇಕೆಂದಿರುವ ಬ್ರೆಜಿಲ್‌ನ ಕಪ್ಪು ಕಲಾವಿದರೆಲ್ಲ ಬೆಳೆದಿದ್ದು ಇಂಥ ಚಿತ್ರಗಳ ನಡುವೆ. ಬ್ರೆಜಿಲ್‌ನಲ್ಲಿ ಕಪ್ಪು ಜನರ ಚಿತ್ರಗಳಿಗೇನೂ ಕೊರತೆ ಇರಲಿಲ್ಲ. ಯುರೋಪಿನಿಂದ ಬಂದ ಚಿತ್ರಕಾರರು ಬೀದಿಯ ಗುಲಾಮರನ್ನು ಬರೆದರು, ಫೋಟೊಗ್ರಾಫರ್‌ಗಳು ಸ್ಟುಡಿಯೊದಲ್ಲಿ ನಿಲ್ಲಿಸಿ ಫೋಟೊ ತೆಗೆದರು, ಆಮೇಲೆ ಬಂದ ಆಧುನಿಕರಲ್ಲಿ ತಾರ್ಸಿಲಾ ದೊ ಅಮರಾಲ್ 1923ರಲ್ಲಿ ದೊಡ್ಡ ತುಟಿ, ಜೋತ ಮೊಲೆಯ ಕಪ್ಪು ಹೆಂಗಸನ್ನು ಬರೆದು ಹೆಸರು ಮಾಡಿದರು. ಎಲ್ಲದರಲ್ಲೂ ಕಪ್ಪು ಜನ ಇದ್ದಾರೆ, ಕುಂಚ ಹಿಡಿದ ಕೈ ಮಾತ್ರ ಬೇರೆಯವರದು.

ಅಲ್ಲಿನ ಗುಲಾಮಗಿರಿಯ ಗಾತ್ರವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮಲ್ಲಿ ಗುಲಾಮಗಿರಿ ಅಂದ ಕೂಡಲೇ ಅಮೆರಿಕಾ ಒಂದೇ ನೆನಪಿಗೆ ಬರುತ್ತದೆ. ಇವತ್ತಿನ ಅಮೆರಿಕಾ ಇರುವ ನೆಲಕ್ಕೆ ಆಫ್ರಿಕಾದಿಂದ ನೇರವಾಗಿ ಬಂದಿಳಿದವರು ಸುಮಾರು 4 ಲಕ್ಷ. ಬ್ರೆಜಿಲ್‌ಗೆ 48 ಲಕ್ಷಕ್ಕೂ ಜಾಸ್ತಿ. ಗುಲಾಮಗಿರಿ ನಿಲ್ಲಿಸಿದ್ದು 1888ರ ಮೇ 13ಕ್ಕೆ, ಇಡೀ ಅಮೆರಿಕಾ ಖಂಡಗಳಲ್ಲೇ ಕಟ್ಟಕಡೆಗೆ. ರಿಯೊದ ವಲೊಂಗೊ ಅನ್ನುವ ಒಂದೇ ಬಂದರುಕಟ್ಟೆಯಲ್ಲಿ ಸುಮಾರು 9 ಲಕ್ಷ ಜನ ಇಳಿದರು ಅನ್ನುತ್ತಾರೆ. ಆ ಕಟ್ಟೆಯನ್ನು 1843ರಲ್ಲಿ ಮಹಾರಾಣಿಯ ಸ್ವಾಗತಕ್ಕೆ ಅಂತ ಕಲ್ಲು ಹಾಸಿ ಮುಚ್ಚಿದರು, ಆಮೇಲೆ ಅದರ ಮೇಲೆ ಇನ್ನೂ ಮಣ್ಣು ಬಿತ್ತು. 2011ರಲ್ಲಿ ಬಂದರು ಪ್ರದೇಶ ಅಗೆಯುವಾಗ ಮತ್ತೆ ಹೊರಗೆ ಬಂತು. ಈಗ ಯುನೆಸ್ಕೊ ಪಟ್ಟಿಯಲ್ಲಿದೆ.

ಮೊದಲೇ ಹೇಳಿಬಿಡ್ತೀನಿ, ನಾನು ಬ್ರೆಜಿಲ್‌ಗೆ ಹೋದವನಲ್ಲ. ಮ್ಯೂಸಿಯಂಗಳ ವೆಬ್‌ಸೈಟ್, ಕಲಾವಿದರ ಸಂದರ್ಶನ, ಕ್ಯಾಟಲಾಗ್‌ಗಳ ಪಿಡಿಎಫ್, ಇಷ್ಟೇ ನನ್ನ ಬಂಡವಾಳ. ರಾತ್ರಿ ಊಟ ಆದಮೇಲೆ ನೋಡುತ್ತಾ ಕೂತವನು ಎದ್ದಿದ್ದು ತುಂಬಾ ಹೊತ್ತಿನ ಮೇಲೆ, ಅದೂ ರೊಸಾನಾ ಪೌಲಿನೊ ಅವರ ದೆಸೆಯಿಂದ.

ರೊಸಾನಾ ಪೌಲಿನೊ 1967ರಲ್ಲಿ ಸಾವೊ ಪೌಲೊದಲ್ಲಿ ಹುಟ್ಟಿದರು. ಹೊಲಿಗೆ, ಕಸೂತಿ ಮನೆಯಲ್ಲಿ ಅಮ್ಮನಿಂದ ಕಲಿತಿದ್ದು. ಆಮೇಲೆ ಸಾವೊ ಪೌಲೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು, ಲಂಡನ್‌ನಲ್ಲಿ ಮುದ್ರಣಕಲೆ ಕಲಿತರು. ಅಷ್ಟೆಲ್ಲ ಓದಿದ ಮೇಲೂ ಸೂಜಿ ದಾರ ಬಿಡಲಿಲ್ಲ.

ಅವರು 1994ರಲ್ಲಿ ಶುರು ಮಾಡಿದ ಒಂದು ಕೆಲಸಕ್ಕೆ 'ನೆನಪಿನ ಗೋಡೆ' ಅಂತ ಹೆಸರು. ಬ್ರೆಜಿಲ್‌ನ ಕಪ್ಪು ಜನರ ಕಾಂಡೊಂಬ್ಲೆ, ಉಂಬಾಂಡಾ ಧರ್ಮಗಳಲ್ಲಿ ಪಟುವಾ ಅಂತ ಒಂದು ವಸ್ತು ಇದೆ. ಬಟ್ಟೆಯ ಪುಟ್ಟ ಚೀಲದಲ್ಲಿ ಗಿಡಮೂಲಿಕೆ ಇತ್ಯಾದಿ ಇಟ್ಟು ಹೊಲಿದು ಮೈಮೇಲೋ ಮನೆಯಲ್ಲೋ ಇಟ್ಟುಕೊಳ್ಳುತ್ತಾರೆ. ನಮ್ಮ ತಾಯಿತವೇ ಅನ್ನಿ. ಪೌಲಿನೊ ಅಂಗೈಗಿಂತ ಚಿಕ್ಕದಾದ ಇಂಥ ದಿಂಬುಗಳನ್ನು ಹೊಲಿದು ಒಂದೊಂದರ ಮೇಲೂ ತಮ್ಮ ಕುಟುಂಬದ ಹಳೆಯ ಫೋಟೊ ಅಚ್ಚು ಹಾಕಿದರು. ಅಜ್ಜಿ, ಚಿಕ್ಕಮ್ಮ, ಮದುವೆಯ ಜೋಡಿ, ಟೈ ಕಟ್ಟಿದ ಗಂಡಸರು. ದಿಂಬುಗಳು ಸುಮಾರು 1,500. ಫೋಟೊಗಳು ಮಾತ್ರ 11. ಅವೇ ಹನ್ನೊಂದು ತಿರುಗಿ ತಿರುಗಿ ಬರುತ್ತವೆ, ಗೋಡೆ ತುಂಬುವ ತನಕ.

ಬಡವರ ಮನೆಯ ಆಲ್ಬಮ್‌ನಲ್ಲಿ ಎಷ್ಟು ಫೋಟೊ ಇರುತ್ತವೆ? ಅದರಲ್ಲೂ ಎರಡು ಮೂರು ತಲೆಮಾರಿನ ಹಿಂದೆ ಗುಲಾಮರಾಗಿದ್ದವರ ಮನೆಯಲ್ಲಿ? ಇರುವ ಹನ್ನೊಂದನ್ನೇ ಇಟ್ಟುಕೊಂಡು ಮ್ಯೂಸಿಯಂನ ಗೋಡೆಯನ್ನು ಪೂರ್ತಿ ತುಂಬಿಸುವುದರಲ್ಲಿ ಒಂದು ಹಟ ಇದೆ. ಬೇರೆ ಕಲಾವಿದರು ಹನ್ನೊಂದು ಫೋಟೊಗಳನ್ನು ದೊಡ್ಡದು ಮಾಡಿ ಫ್ರೇಮ್ ಹಾಕಿಸಿ ಒಳ್ಳೆ ಲೈಟು ಬಿಡುತ್ತಿದ್ದರೇನೋ. ಹಾಗೆ ಮಾಡಿದ್ದರೆ ಅವರು ಹನ್ನೊಂದು ಜನ ಆಗುತ್ತಿದ್ದರು. ಇಲ್ಲಿ ಅವರು ಜನಸಂದಣಿ. ಒಬ್ಬರಿಂದ ಕಣ್ಣು ತಪ್ಪಿಸಿದರೆ ಇನ್ನೊಬ್ಬರು ನೋಡುತ್ತಿರುತ್ತಾರೆ.

ಎರಡನೆಯದು 1997ರ ಕೆಲಸ. ಎಂಬ್ರಾಯಿಡರಿ ರಿಂಗ್ ನೋಡಿರುತ್ತೀರಲ್ಲ, ಹೆಣ್ಣುಮಕ್ಕಳು ಬಟ್ಟೆ ಬಿಗಿಯಾಗಿ ಹಿಡಿಸಿ ಹೂ ಬಳ್ಳಿ ಹಾಕುತ್ತಾರಲ್ಲ, ಅಂಥ ಆರು ರಿಂಗ್‌ಗಳು. ಒಂದೊಂದರಲ್ಲೂ ಮನೆತನದ ಒಬ್ಬ ಹೆಣ್ಣುಮಗಳ ಫೋಟೊ. ಅದರ ಮೇಲೆ ಕಪ್ಪು ದಾರದಲ್ಲಿ ಒರಟು ಒರಟಾಗಿ ಹೊಲಿಗೆ. ಒಬ್ಬಳ ಬಾಯಿ ಹೊಲಿದಿದ್ದಾರೆ, ಒಬ್ಬಳ ಕಣ್ಣು, ಒಬ್ಬಳ ಗಂಟಲು. ಮೊದಲು ನೋಡಿದಾಗ ನಾನು ಸ್ಕ್ರೀನ್ ಮೇಲಿಂದ ಕಣ್ಣು ತೆಗೆದೆ. ಇದರ ಬಗ್ಗೆ ಜಾಸ್ತಿ ವಿವರಣೆ ಬೇಡ. ಮನೆಯ ಮಾನ ಮನೆಯೊಳಗೇ ಇರಲಿ ಅನ್ನುವ ಮಾತು ಕೇಳುತ್ತಾ ಬೆಳೆದ ಯಾವ ಹೆಣ್ಣುಮಗಳನ್ನು ಕೇಳಿದರೂ ಆ ದಾರ ಏನು ಅಂತ ಹೇಳುತ್ತಾಳೆ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. 2013ರ 'ಅಸೆಂಟಮೆಂಟೊ', ಅಂದರೆ ನೆಲೆಯೂರುವುದು. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಹಾರ್ವರ್ಡ್‌ನಲ್ಲಿ ಲೂಯಿ ಅಗಾಸಿ ಅಂತ ಒಬ್ಬ ಪ್ರೊಫೆಸರ್ ಇದ್ದ. ಸ್ವಿಟ್ಜರ್ಲೆಂಡ್ ಮೂಲದವನು, ಆ ಕಾಲದ ದೊಡ್ಡ ವಿಜ್ಞಾನಿ. ಡಾರ್ವಿನ್‌ನನ್ನು ಒಪ್ಪುತ್ತಿರಲಿಲ್ಲ. ಒಂದೊಂದು ಜನಾಂಗವನ್ನೂ ದೇವರು ಬೇರೆ ಬೇರೆಯಾಗಿಯೇ ಸೃಷ್ಟಿಸಿದ, ಬೆರಕೆಯಾದರೆ ಕೆಡುತ್ತದೆ ಅನ್ನುವುದು ಅವನ ವಾದ. ಅದಕ್ಕೆ ಪುರಾವೆ ಹುಡುಕಿಕೊಂಡು 1865ರಲ್ಲಿ ತಂಡ ಕಟ್ಟಿಕೊಂಡು ಬ್ರೆಜಿಲ್‌ಗೆ ಬಂದ. ರಿಯೊದಲ್ಲಿ ಆಗುಸ್ಟೊ ಸ್ಟಾಲ್ ಅನ್ನುವ ಫೋಟೊಗ್ರಾಫರ್‌ನಿಂದ ಆಫ್ರಿಕಾ ಮೂಲದವರ ಫೋಟೊ ತೆಗೆಸಿದ. ಬಟ್ಟೆ ಬಿಚ್ಚಿಸಿ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು. ಪ್ರಾಣಿಗಳ ಮಾದರಿ ದಾಖಲಿಸುವ ಕ್ರಮ ಅದು.

ಪೌಲಿನೊ ಅಂಥ ಒಬ್ಬ ಹೆಂಗಸಿನ ಮೂರೂ ಫೋಟೊಗಳನ್ನು ಆಳೆತ್ತರಕ್ಕೆ ಬಟ್ಟೆಯ ಮೇಲೆ ಮುದ್ರಿಸಿದರು. ಮುದ್ರಿಸಿದ್ದನ್ನು ಅಡ್ಡಡ್ಡ ಕತ್ತರಿಸಿದರು. ಮತ್ತೆ ಹೊಲಿದರು. ಆದರೆ ತುಂಡಿಗೆ ತುಂಡು ಸರಿಯಾಗಿ ಕೂರುವುದಿಲ್ಲ. ಒಂದು ಕಡೆ ಸೊಂಟ ಸ್ವಲ್ಪ ಜರುಗಿದೆ, ಇನ್ನೊಂದು ಕಡೆ ಕಾಲು. ಕಪ್ಪು ದಾರ ಎದ್ದು ಕಾಣುತ್ತದೆ. ಒಂದು ಚಿತ್ರದಲ್ಲಿ ಕೆಂಪು ಹೃದಯ ಕಸೂತಿ ಮಾಡಿದ್ದಾರೆ, ಒಂದರಲ್ಲಿ ಹೊಟ್ಟೆಯೊಳಗೆ ಭ್ರೂಣ, ಒಂದರಲ್ಲಿ ಪಾದದಿಂದ ನೆಲಕ್ಕಿಳಿಯುವ ಬೇರು. ಅವುಗಳ ಮುಂದೆ ಮಣ್ಣಿನಲ್ಲಿ ಮಾಡಿದ ತೋಳುಗಳನ್ನು ಸೌದೆ ಪೇರಿಸಿದ ಹಾಗೆ ರಾಶಿ ಹಾಕಿದ್ದಾರೆ. ಪಕ್ಕದಲ್ಲಿ ವಿಡಿಯೊದಲ್ಲಿ ಸಮುದ್ರ.

ಆ ಹೆಂಗಸನ್ನು ಒಂದು ಸಲ ಬೆತ್ತಲೆ ಮಾಡಿದ್ದು ಸಾಲದೇ, ನೂರೈವತ್ತು ವರ್ಷದ ಮೇಲೆ ಆಳೆತ್ತರಕ್ಕೆ ಮತ್ತೆ ಗೋಡೆಗೆ ಹಾಕಬೇಕಿತ್ತಾ? ನಾನೂ ಇದನ್ನು ಬಹಳ ಯೋಚಿಸಿದೆ. ಮುಚ್ಚಬಹುದಿತ್ತು. ಒಂದು ಸೀರೆಯಷ್ಟು ಬಣ್ಣ ಬಳಿದರೆ ಸಾಕಿತ್ತು. ಮುಚ್ಚಿದ್ದರೆ ಅಗಾಸಿ ಮಾಡಿದ್ದು ಏನು ಅನ್ನುವುದೂ ಮುಚ್ಚಿಹೋಗುತ್ತಿತ್ತು. ಕಲಾವಿದೆ ಆರಿಸಿಕೊಂಡಿದ್ದು ಬೇರೆ ದಾರಿ: ಕ್ಯಾಮೆರಾಕ್ಕೆ ಕಾಣದೇ ಇದ್ದದ್ದನ್ನು ಸೂಜಿಯಲ್ಲಿ ಸೇರಿಸಿದರು. ಆ ಹೃದಯ, ಆ ಭ್ರೂಣ ಫೋಟೊದಲ್ಲಿ ಇರಲಿಲ್ಲ, ಆದರೆ ಆ ದಿನ ಆ ಸ್ಟುಡಿಯೊದಲ್ಲಿ ನಿಂತ ಮೈಯಲ್ಲಿ ಹೃದಯ ಖಂಡಿತ ಬಡಿದುಕೊಳ್ಳುತ್ತಿತ್ತಲ್ಲ. ಇನ್ನು ಹೊಲಿಗೆ ಸೊಟ್ಟಗಿರುವುದು ಕೈ ತಪ್ಪಿ ಆಗಿದ್ದಲ್ಲ. ಕಸೂತಿ ಗೊತ್ತಿರುವ ಕೈಗೆ ಸಾಲು ಕೂಡಿಸಿ ಹೊಲಿಯುವುದು ಎಷ್ಟರ ಕೆಲಸ? ಕೂಡುವುದಿಲ್ಲ ಅಂತ ತೋರಿಸುವುದೇ ಅವರಿಗೆ ಬೇಕಿತ್ತು.

ಇಂಥ ಕಲೆಯ ಬಗ್ಗೆ ಗ್ಯಾಲರಿಗಳು ಬರೆಯುವ ಟಿಪ್ಪಣಿಗಳಲ್ಲಿ 'ಗಾಯ ಮಾಯಿಸುವ ಕಲೆ' ಅನ್ನುವ ಮಾತು ಪದೇ ಪದೇ ಬರುತ್ತದೆ. ನನಗೆ ಕಿರಿಕಿರಿ. ಮಾಯ್ದ ಗಾಯ ಇಲ್ಲೆಲ್ಲಿದೆ? ಪೌಲಿನೊ ಹೊಲಿಗೆ ಹಾಕಿದ್ದಾರೆ ಅಷ್ಟೇ, ದಾರ ಇನ್ನೂ ಬಿಚ್ಚಿಲ್ಲ.

ಬಟ್ಟೆ ಹಿಡಿದವರು ಅವರೊಬ್ಬರೇ ಅಲ್ಲ. ಮಿನಾಸ್ ಜೆರೈಸ್ ಪ್ರಾಂತ್ಯದ ಬಟ್ಟೆ ಗಿರಣಿಗಳ ಊರಲ್ಲಿ 1948ರಲ್ಲಿ ಹುಟ್ಟಿದ ಸೋನಿಯಾ ಗೋಮೆಸ್, ಯಾರೋ ಉಟ್ಟು ಬಿಟ್ಟ ಬಟ್ಟೆ, ಯಾರದೋ ಮದುವೆಯ ಲೇಸು, ಕಸೂತಿ ತುಂಡುಗಳನ್ನು ತಂತಿಗೆ ಸುತ್ತಿ, ತಿರುಚಿ, ಗಂಟು ಹಾಕಿ ಶಿಲ್ಪ ಮಾಡುತ್ತಾರೆ. ವಕೀಲಿಕೆ ಓದಿದವರು, ಕಲೆಗೆ ಪೂರ್ತಿ ಬಂದಿದ್ದು ನಡುವಯಸ್ಸಿನಲ್ಲಿ.

ಇಲ್ಲಿಗೆ ಬಂದಾಗ ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳು ನೆನಪಾದರು. ಸುಮ್ನೆ ಎಳೆದು ತಂದಿದ್ದಲ್ಲ. ಪೋರ್ಚುಗೀಸರ ಹಡಗುಗಳು ಮೊಜಾಂಬಿಕ್ ಕರಾವಳಿಯಿಂದ ಜನರನ್ನು ಬ್ರೆಜಿಲ್‌ಗೂ ಒಯ್ದವು, ಗೋವಾಕ್ಕೂ ತಂದವು. ಗೋವಾದ ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹಳ ಇದೆ. ಅಲ್ಲಿನ ಹೆಂಗಸರು ಹಳೆ ಸೀರೆ, ಅಂಗಿ ತುಂಡುಗಳನ್ನು ಕೈಯಲ್ಲೇ ಹೊಲಿದು ಕವಂದಿ ಮಾಡುತ್ತಾರೆ, ನಮ್ಮ ಕಡೆ ಕೌದಿ ಅನ್ನುತ್ತೇವಲ್ಲ, ಅದರ ಜಾತಿಯದೇ. ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾರೆ, ಮೂಲೆಗೆ ಬಟ್ಟೆಯ ಮಡಿಕೆಯಲ್ಲಿ ಹೂವಿಡುತ್ತಾರೆ. ಎರಡೂ ಕಡೆಯ ಹೊಲಿಗೆಗೆ ಒಂದೇ ಬೇರು ಅಂತೆಲ್ಲ ನಾನು ಹೇಳುವುದಿಲ್ಲ. ಹಡಗು ಮಾತ್ರ ಒಂದೇ ರಾಜನದು.

ಸರಿ, ಬ್ರೆಜಿಲ್‌ಗೆ ವಾಪಸ್. 1890ರ ಡಿಸೆಂಬರ್‌ನಲ್ಲಿ, ಗುಲಾಮಗಿರಿ ಮುಗಿದು ಎರಡೂವರೆ ವರ್ಷ ಆಗಿತ್ತು, ಹಣಕಾಸು ಸಚಿವ ರುಯಿ ಬಾರ್ಬೋಸಾ ಖಜಾನೆಯಲ್ಲಿದ್ದ ಗುಲಾಮಗಿರಿಯ ಕಡತಗಳನ್ನು ಸುಡುವುದಕ್ಕೆ ಆದೇಶ ಹೊರಡಿಸಿದ. ಹಳೆಯ ಒಡೆಯರು 'ನಮ್ಮ ಆಸ್ತಿ ಹೋಯಿತು, ಪರಿಹಾರ ಕೊಡಿ' ಅಂತ ಕಾಗದ ಹಿಡಿದು ಬರದಿರಲಿ ಅನ್ನುವುದು ಒಂದು ಕಾರಣ, ದೇಶದ ಮೇಲಿನ ಕಳಂಕ ಅಳಿಸಬೇಕು ಅನ್ನುವುದು ಹೇಳಿಕೊಂಡ ಕಾರಣ. ಎಲ್ಲಾ ಕಡತ ಸುಟ್ಟುಹೋಗಲಿಲ್ಲ, ಎಷ್ಟೋ ಉಳಿದಿವೆ. ಆದರೂ ಇವತ್ತು ತನ್ನ ಮುತ್ತಜ್ಜನ ಅಜ್ಜ ಯಾರು ಅಂತ ಹುಡುಕುವ ಕಪ್ಪು ಬ್ರೆಜಿಲಿಯನ್‌ಗೆ ಬೇಗ ಗೋಡೆ ಎದುರಾಗುತ್ತದೆ.

ಆ ಗೋಡೆಯ ಮೇಲೆ ಮುಖ ಬರೆಯುತ್ತಿರುವವರು ಡಾಲ್ಟನ್ ಪೌಲಾ. 1982ರಲ್ಲಿ ಬ್ರೆಜಿಲಿಯಾದಲ್ಲಿ ಹುಟ್ಟಿ, ಗೋಯಾನಿಯಾದಲ್ಲಿ ಇದ್ದಾರೆ. ಕಲಾವಿದರಾಗುವ ಮುಂಚೆ ಅಗ್ನಿಶಾಮಕ ದಳದಲ್ಲಿ ಕೆಲಸದಲ್ಲಿದ್ದವರು. 2018ರಲ್ಲಿ ಸಾವೊ ಪೌಲೊದ ಎರಡು ಕಲಾಸಂಸ್ಥೆಗಳು ಸೇರಿ ಆಫ್ರಿಕಾ ಮತ್ತು ಅಟ್ಲಾಂಟಿಕ್‌ನ ಚರಿತ್ರೆಗಳ ಬಗ್ಗೆ ಭಾರಿ ಪ್ರದರ್ಶನ ಮಾಡಿದಾಗ ಇವರಿಂದ ಎರಡು ಭಾವಚಿತ್ರ ಬರೆಸಿದವು. ಒಂದು, 1826ರಲ್ಲಿ ಸಾಲ್ವಡೋರ್ ನಗರದ ಹತ್ತಿರ ದಂಗೆಯ ಮುಂದಾಳಾಗಿದ್ದ ಜೆಫೆರಿನಾಳದು. ಇನ್ನೊಂದು ಜೊವಾವೊ ದೆ ದೇವುಸ್ ನಾಸಿಮೆಂಟೊ ಅನ್ನುವ ದರ್ಜಿಯದು. 1798ರ ಬಂಡಾಯದಲ್ಲಿ ಸೇರಿದ್ದಕ್ಕೆ ಮರುವರ್ಷ ಗಲ್ಲಿಗೇರಿದವನು. ಇಬ್ಬರೂ ಬದುಕಿದ್ದಾಗ ಯಾರೂ ಅವರ ಚಿತ್ರ ಬರೆದಿಟ್ಟಿಲ್ಲ. ಹಾಗಾದರೆ ಮುಖ ಎಲ್ಲಿಂದ ಬಂತು?

ಗುಲಾಮಗಿರಿಯಿಂದ ಓಡಿಹೋದವರು ಕಟ್ಟಿಕೊಂಡ ಊರುಗಳು ಬ್ರೆಜಿಲ್‌ನಲ್ಲಿ ಈಗಲೂ ಇವೆ, ಕಿಲೊಂಬೊ ಅನ್ನುತ್ತಾರೆ. ಪೌಲಾ ಅಂಥ ಊರುಗಳಿಗೆ ಹೋಗಿ, ಅಲ್ಲಿನ ಜನರ ಫೋಟೊ ತೆಗೆದು, ಈಗ ಬದುಕಿರುವವರ ಮುಖಗಳಿಂದ ಸತ್ತವರ ಮುಖ ಕಟ್ಟಿದರು. ತಲೆಗೂದಲಿನ ಜಾಗದಲ್ಲಿ ಚಿನ್ನದ ರೇಕು ಅಂಟಿಸುತ್ತಾರೆ. ಹಿನ್ನೆಲೆಯಲ್ಲಿ ತೆಳು ಹಸಿರು, ನೀಲಿ. ಹಳೆ ಕಾಲದಲ್ಲಿ ಫೋಟೊಗೆ ಬಣ್ಣ ಹಾಕಿ ಮನೆಯಲ್ಲಿ ನೇತುಹಾಕುತ್ತಿದ್ದರಲ್ಲ, ಆ ಗತ್ತು. ಇದು ಸುಳ್ಳು ಚಿತ್ರ ಅಲ್ವಾ ಅಂತ ಯಾರಾದರೂ ಕೇಳಬಹುದು. ಒಂದು ರೀತಿಯಲ್ಲಿ ಹೌದು. ಆದರೆ ನಮ್ಮ ಎಷ್ಟು ರಾಜರ ಚಿತ್ರ ನಿಜವಾಗಿ ಅವರನ್ನು ನೋಡಿ ಬರೆದದ್ದು ಹೇಳಿ? ಶಾಲೆಯ ಗೋಡೆಯ ಮೇಲಿರುವ ಪುಲಕೇಶಿಯನ್ನು ಯಾರು ಎದುರಿಗೆ ಕೂರಿಸಿಕೊಂಡು ಬರೆದರು? ರಾಜರಿಗೆ ಕೊಟ್ಟ ಸಲಿಗೆಯನ್ನು ಪೌಲಾ ಒಬ್ಬ ದರ್ಜಿಗೆ ಕೊಟ್ಟಿದ್ದಾರೆ.

ಬಾಹಿಯಾ ಪ್ರಾಂತ್ಯದ ಐರ್ಸನ್ ಎರಾಕ್ಲಿತೊ ಅವರ ದಾರಿ ಬೇರೆ. ಅವರು ಕಲಾವಿದರೂ ಹೌದು, ಪ್ರೊಫೆಸರೂ ಹೌದು, ಕಾಂಡೊಂಬ್ಲೆಯಲ್ಲಿ ದೀಕ್ಷೆ ಪಡೆದವರೂ ಹೌದು. ಬಾಹಿಯಾದಲ್ಲಿ ಮನೆಗೆ ಸತ್ತವರ ಕಾಟ ಇದೆ ಅನ್ನಿಸಿದರೆ ಎಲೆಗಳ ಕಟ್ಟು ಹಿಡಿದು ಗೋಡೆ, ಮೂಲೆಗೆಲ್ಲ ಬಡಿದು ಓಡಿಸುವ ವಿಧಿ ಇದೆ. 2015ರಲ್ಲಿ ಎರಾಕ್ಲಿತೊ ಇದನ್ನು ಎರಡು ಕಟ್ಟಡಗಳಿಗೆ ಮಾಡಿದರು. ಒಂದು, ಬಾಹಿಯಾದಲ್ಲಿ ಲೆಕ್ಕವಿಲ್ಲದಷ್ಟು ಭೂಮಿ, ಗುಲಾಮರನ್ನು ಇಟ್ಟುಕೊಂಡಿದ್ದ ಗಾರ್ಸಿಯಾ ದಾವಿಲಾ ಮನೆತನದ ಕೋಟೆಯಂಥ ಮನೆಯ ಪಾಳು. ಇನ್ನೊಂದು, ಸಮುದ್ರದ ಆಚೆ ಸೆನೆಗಲ್‌ನ ಗೊರೆ ದ್ವೀಪದಲ್ಲಿರುವ ಗುಲಾಮರ ಮನೆ. ಬಿಳಿ ಬಟ್ಟೆ ತೊಟ್ಟ ಗಂಡಸರು ಎಲೆ ಹಿಡಿದು ಗೋಡೆಗೆ ಬಡಿಯುತ್ತಾರೆ, ಬಡಿಯುತ್ತಲೇ ಇರುತ್ತಾರೆ. ಎರಡೂ ವಿಡಿಯೊಗಳನ್ನು 2017ರಲ್ಲಿ ವೆನಿಸ್ ಬಿಯೆನ್ನಾಲೆ ಅನ್ನುವ, ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನದಲ್ಲಿ ತೋರಿಸಿದರು. ಒಡೆಯನ ಭೂತ ಇನ್ನೂ ಆ ಮನೆ ಬಿಟ್ಟಿಲ್ಲ ಅಂತ ಅವರು ನಿಜವಾಗಿಯೂ ನಂಬಿದ್ದಾರೆ. ಕಲಾವಿಮರ್ಶಕರು ಇದನ್ನು ರೂಪಕ ಅಂತ ಬರೆದುಕೊಳ್ಳುತ್ತಾರೆ. ಭೂತ ಕಟ್ಟುವುದನ್ನು ಕಂಡ ನಮಗೆ ಅಷ್ಟು ತೊಂದರೆ ಆಗಬಾರದು.

ಹೀಗೆ ವಿಧಿಯನ್ನು ಕಲೆಯಾಗಿ ವೆನಿಸ್‌ನಲ್ಲಿ ತೋರಿಸುವುದು ಈಗ ಸಲೀಸು ಅನ್ನಿಸಬಹುದು. ಇದೇ ಧರ್ಮದ ವಸ್ತುಗಳಿಗೆ ರಿಯೊದಲ್ಲಿ ಏನಾಗಿತ್ತು ನೋಡಿ. 1889ರಿಂದ 1945ರ ತನಕ ಪೊಲೀಸರು ಕಾಂಡೊಂಬ್ಲೆ, ಉಂಬಾಂಡಾ ಮನೆಗಳಿಗೆ ನುಗ್ಗಿ ಡೋಲು, ವಿಗ್ರಹ, ಆಭರಣ ಜಪ್ತಿ ಮಾಡುತ್ತಿದ್ದರು. ಅದನ್ನೆಲ್ಲ ಪೊಲೀಸ್ ಮ್ಯೂಸಿಯಂನಲ್ಲಿ 'ಮಾಟಮಂತ್ರದ ಸಂಗ್ರಹ' ಅಂತ ಚೀಟಿ ಹಚ್ಚಿ ಇಟ್ಟರು. 1938ರಲ್ಲಿ ಸರ್ಕಾರವೇ ಅದನ್ನು ಅದೇ ಹೆಸರಲ್ಲಿ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಪೂಜೆ ಮಾಡುವವನು ಅಪರಾಧಿ, ಪೂಜೆಯ ವಸ್ತು ದೇಶದ ಆಸ್ತಿ! ಕಾಂಡೊಂಬ್ಲೆಯ ಹಿರಿಯರು, ಅದರಲ್ಲೂ ತಾಯಿ ಮೆನಿನಾಜಿನ್ಯಾ ದೊಶುಮ್, ವರ್ಷಗಟ್ಟಲೆ ಹೋರಾಡಿದ ಮೇಲೆ 2020ರಲ್ಲಿ 519 ವಸ್ತುಗಳು ಪೊಲೀಸರ ಕೈಯಿಂದ ಗಣರಾಜ್ಯ ಮ್ಯೂಸಿಯಂಗೆ ಬಂದವು. ಈಗ ಆ ಸಂಗ್ರಹದ ಹೆಸರು 'ನಮ್ಮ ಪವಿತ್ರ'. ಯಾವುದನ್ನು ಹೇಗೆ ಇಡಬೇಕು, ಯಾವುದನ್ನು ತೋರಿಸಬಾರದು ಅನ್ನುವುದರಲ್ಲಿ ಆ ಹಿರಿಯರ ಮಾತೂ ನಡೆಯುತ್ತದೆ.

ಈಗ ಇವರೆಲ್ಲರಿಗೂ ಮಾರುಕಟ್ಟೆ ಇದೆ. ನ್ಯೂಯಾರ್ಕ್‌ನ ಮ್ಯೂಸಿಯಂಗಳು ಕೊಳ್ಳುತ್ತವೆ, 2023ರ ಸಾವೊ ಪೌಲೊ ಬಿಯೆನಾಲ್‌ನಲ್ಲಿ ಬಿಳಿಯರಲ್ಲದ ಕಲಾವಿದರೇ ಜಾಸ್ತಿ ಇದ್ದರು. ಒಳ್ಳೆಯದೇ. ಆದರೆ ಇದೆಲ್ಲ ಕಳೆದ ಹತ್ತು ವರ್ಷದಲ್ಲಿ ತಟ್ಟನೆ ಹುಟ್ಟಿದ ಹಾಗೆ ಬರೆಯುವ ಲೇಖನಗಳು ನನಗೆ ಹಿಡಿಸುವುದಿಲ್ಲ. ಅಬ್ದಿಯಾಸ್ ದೊ ನಾಸಿಮೆಂಟೊ 1944ರಲ್ಲೇ ಕಪ್ಪು ಜನರ ರಂಗತಂಡ ಕಟ್ಟಿದ್ದರು. ದಂತವೈದ್ಯ ಓದಿದ್ದ ರುಬೆಮ್ ವಲೆಂಟಿಮ್ ಕಾಂಡೊಂಬ್ಲೆ ದೇವತೆಗಳ ಗುರುತುಗಳನ್ನು ತ್ರಿಕೋನ, ವೃತ್ತ, ಬಾಣಗಳಾಗಿ ಬರೆಯುತ್ತಿದ್ದರು. ಎಮನೊಯೆಲ್ ಅರಾವುಜೊ ಅಂತೂ ಒಂದು ಸಂಸ್ಥೆಯಷ್ಟು ಕೆಲಸ ಒಬ್ಬರೇ ಮಾಡಿದರು: 1988ರಲ್ಲಿ, ಗುಲಾಮಗಿರಿ ಮುಗಿದ ನೂರನೇ ವರ್ಷಕ್ಕೆ, ಕಪ್ಪು ಕಲಾವಿದರ ಕೆಲಸಗಳ ಪ್ರದರ್ಶನ ಮಾಡಿದರು, 2004ರಲ್ಲಿ ತಮ್ಮ ಸ್ವಂತ ಸಂಗ್ರಹವನ್ನೇ ಕೊಟ್ಟು ಸಾವೊ ಪೌಲೊದ ಇಬಿರಾಪುಯೆರಾ ಪಾರ್ಕ್‌ನಲ್ಲಿ ಆಫ್ರೊ ಬ್ರೆಜಿಲ್ ಮ್ಯೂಸಿಯಂ ತೆರೆದರು. 2022ರಲ್ಲಿ ತೀರಿಕೊಂಡರು. ಮ್ಯೂಸಿಯಂಗೆ ಈಗ ಅವರದೇ ಹೆಸರು.

ಇತ್ತ ಡಾಲ್ಟನ್ ಪೌಲಾ, ಸೇಯ್ಸಾ ಫೆರೇರಾ ಜೊತೆ ಸೇರಿ ಗೋಯಾನಿಯಾದಲ್ಲಿ 'ಸೆರ್ಟಾವೊ ನೆಗ್ರೊ' ಅಂತ ಒಂದು ಕಲಾಶಾಲೆ ನಡೆಸುತ್ತಿದ್ದಾರೆ. ಮುದ್ರಣ, ಕುಂಬಾರಿಕೆ, ಕಪೊಯೆರಾ ಅನ್ನುವ ಕುಣಿತದಂಥ ಕಾದಾಟದ ಕಲೆ, ಸಿನಿಮಾ ಕ್ಲಬ್ಬು, ಎಲ್ಲ ಇದೆಯಂತೆ.

ನೋಡಬೇಕು ಅನ್ನಿಸಿದವರು 'ನೆನಪಿನ ಗೋಡೆ'ಯಿಂದಲೇ ಶುರು ಮಾಡಿ, 'ಅಸೆಂಟಮೆಂಟೊ' ಕಡೆಗಿಟ್ಟುಕೊಳ್ಳಿ. ಎರಾಕ್ಲಿತೊ ಅವರ ವಿಡಿಯೊಗಳನ್ನು ಸೌಂಡ್ ಆನ್ ಮಾಡಿಯೇ ನೋಡಿ. ಸಾವೊ ಪೌಲೊದಲ್ಲಿ ಕೆಲಸಕ್ಕೆ ಹೋದ ಕನ್ನಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಭಾನುವಾರ ಇಬಿರಾಪುಯೆರಾ ಕಡೆ ಹೋಗಿ ಬಂದು ನಮಗೂ ಬರೆಯಿರಿ. ಕಂಪ್ಯೂಟರ್ ಪರದೆಯ ಮೇಲೆ ದಾರದ ದಪ್ಪ ಗೊತ್ತಾಗುವುದಿಲ್ಲ.